ಮಲೆನಾಡಿನ ಚಳಿಜ್ವರ: ಎಣಿಕೆಯ ಹಿಂದೆ ಅಡಗಿರುವ ಹರಡುವಿಕೆಯನ್ನು ಅಳೆಯುವುದು ಹೇಗೆ?

ಮಲೆನಾಡಿನ ಹಳೆಯ ತಲೆಮಾರಿನವರ ಮಾತಿನಲ್ಲಿ ‘ಜ್ವರಗಡ್ಡೆ’ ಎಂಬ ಪದವೊಂದಿತ್ತು. ಚಳಿಜ್ವರ, ಅಂದರೆ ಮಲೇರಿಯಾ, ಮತ್ತೆ ಮತ್ತೆ ಬಂದು ಹೋದವರಲ್ಲಿ ಗುಲ್ಮವು (ಸ್ಪ್ಲೀನ್) ಊದಿಕೊಂಡು, ಎಡಗಡೆಯ ಪಕ್ಕೆಲುಬಿನ ಕೆಳಗೆ ಕೈಗೆ ಸಿಗುವಷ್ಟು ದೊಡ್ಡದಾಗುತ್ತಿತ್ತು. ಅದಕ್ಕೇ ಆ ಹೆಸರು. ರೋಗಿಗೆ ಸಂಕಟವಾಗಿದ್ದ ಈ ಗಡ್ಡೆಯೇ ವೈದ್ಯರಿಗೆ ಒಂದು ಅಳತೆಗೋಲಾಯಿತು. 19ನೆಯ ಶತಮಾನದ ನಡುಭಾಗದಲ್ಲಿ ಉತ್ತರ ಭಾರತದ ನೀರಾವರಿ ಕಾಲುವೆಗಳ ಬದಿಯ ಹಳ್ಳಿಗಳನ್ನು ಪರೀಕ್ಷಿಸಲು ಹೋದ ಡೆಂಪ್‌ಸ್ಟರ್ ಎಂಬ ವೈದ್ಯಾಧಿಕಾರಿ, ಆ ದಿನ ಜ್ವರದಲ್ಲಿ ಮಲಗಿದ್ದವರನ್ನು ಎಣಿಸುವ ಬದಲು, ಊರಿನವರ ಹೊಟ್ಟೆ ಮುಟ್ಟಿ ನೋಡಿ ನೂರರಲ್ಲಿ ಎಷ್ಟು ಮಂದಿಗೆ ಗುಲ್ಮ ಊದಿದೆ ಎಂದು ಲೆಕ್ಕ ಹಾಕಿದರು. ಜ್ವರ ಇಂದು ಬಂದು ನಾಳೆ ಇಳಿಯುತ್ತದೆ, ಆದರೆ ಊದಿದ ಗುಲ್ಮವು ಹಿಂದಿನ ಹಲವು ಋತುಗಳ ಸೋಂಕನ್ನು ತನ್ನಲ್ಲಿ ದಾಖಲಿಸಿಕೊಂಡಿರುತ್ತದೆ. ‘ಗುಲ್ಮ ದರ’ ಎಂದು ಹೆಸರಾದ ಈ ಸೂಚ್ಯಂಕದ ಹಿಂದೆ, ಇಂದಿನ ಎಲ್ಲ ಸಂಖ್ಯಾಶಾಸ್ತ್ರೀಯ ಮಾದರಿಗಳ ಹಿಂದೆಯೂ ಇರುವ ಒಂದು ತಿಳಿವಳಿಕೆ ಇದೆ: ರೋಗಿಗಳ ಎಣಿಕೆ ಬೇರೆ, ರೋಗದ ಹರಡುವಿಕೆ ಬೇರೆ.

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ದಾಖಲೆಯಲ್ಲಿ ‘ಮಲೇರಿಯಾ: 3’ ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಆ ‘3’ ಎಂಬ ಅಂಕಿಯಾಗುವ ಮೊದಲು ಸೋಂಕು ಹಲವು ಜರಡಿಗಳನ್ನು ದಾಟಿ ಬಂದಿರುತ್ತದೆ. ಸೊಳ್ಳೆ ಕಚ್ಚಿದವರಲ್ಲಿ ಕೆಲವರಿಗೆ ಮಾತ್ರ ಸೋಂಕು ತಗಲುತ್ತದೆ, ಅವರಲ್ಲಿ ಕೆಲವರಿಗೆ ಮಾತ್ರ ಜ್ವರ ಬರುತ್ತದೆ, ಜ್ವರ ಬಂದವರಲ್ಲಿ ಕೆಲವರು ಪೇಟೆಯ ಖಾಸಗಿ ವೈದ್ಯರಲ್ಲಿಗೆ ಹೋಗುತ್ತಾರೆ, ಕೆಲವರು ಕಷಾಯ ಕುಡಿದು ಮಲಗುತ್ತಾರೆ, ಕೆಲವರ ರಕ್ತಲೇಪನ (ಗಾಜಿನ ಮೇಲೆ ಸವರಿದ ರಕ್ತದ ಹನಿ) ಮಾತ್ರ ಸೂಕ್ಷ್ಮದರ್ಶಕದ ಕೆಳಗೆ ಬರುತ್ತದೆ. ಕಣ್ಣಿಗೆ ಕಾಣುವ ಎಣಿಕೆಯಿಂದ ಹಿಂದಕ್ಕೆ ನಡೆದು, ಕಣ್ಣಿಗೆ ಕಾಣದ ಹರಡುವಿಕೆಯ ವೇಗವನ್ನು ಅಂದಾಜಿಸುವುದೂ ಆ ಅಂದಾಜು ಎಷ್ಟು ಅಲುಗಾಡಬಹುದು ಎಂಬುದನ್ನು ಒಪ್ಪಿಕೊಂಡು ಹೇಳುವುದೂ ಮಾದರಿಯ ಕೆಲಸ.

ಈ ಲೆಕ್ಕಾಚಾರದ ಬೇರು ಭಾರತದಲ್ಲಿಯೇ ಇದೆ. 1895ರಲ್ಲಿ ಕಾಲರಾ ನಿಯಂತ್ರಣದ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ನೊಬೆಲ್ ತಂದುಕೊಟ್ಟ ಈ ಶೋಧವನ್ನು ಎಲ್ಲರೂ ನೆನೆಯುತ್ತಾರೆ. ರಾಸ್ ತಮ್ಮ ಗಣಿತವನ್ನೂ ಅಷ್ಟೇ ಮುಖ್ಯವೆಂದು ಭಾವಿಸಿದ್ದರು ಎಂಬುದು ಮರೆತುಹೋಗಿದೆ. ಸೊಳ್ಳೆಗಳನ್ನು ಪೂರ್ತಿಯಾಗಿ ನಾಶಮಾಡುವುದು ಅಸಾಧ್ಯ, ಆದ್ದರಿಂದ ಸೊಳ್ಳೆ ನಿಯಂತ್ರಣ ವ್ಯರ್ಥ ಎಂಬ ವಾದ ಆಗ ಬಲವಾಗಿತ್ತು. 1908ರಿಂದ 1911ರ ನಡುವಿನ ತಮ್ಮ ಬರಹಗಳಲ್ಲಿ ರಾಸ್ ಇದಕ್ಕೆ ಸಮೀಕರಣಗಳ ಮೂಲಕ ಉತ್ತರ ಕೊಟ್ಟರು: ಒಬ್ಬ ವ್ಯಕ್ತಿಗೆ ಇಷ್ಟು ಸೊಳ್ಳೆ ಎಂಬ ಒಂದು ಹೊಸ್ತಿಲಿದೆ, ಸೊಳ್ಳೆಗಳ ಸಂಖ್ಯೆ ಆ ಹೊಸ್ತಿಲಿಗಿಂತ ಕೆಳಗಿಳಿದರೆ ಸಾಕು, ಉಳಿದ ಸೊಳ್ಳೆಗಳು ಇದ್ದರೂ ರೋಗ ತಾನಾಗಿ ಕ್ಷೀಣಿಸುತ್ತದೆ. 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಇದನ್ನು ಬೆಳೆಸಿದರು. ಇಂದು ‘ಮೂಲ ಪುನರುತ್ಪತ್ತಿ ಸಂಖ್ಯೆ’ ಎಂದು ಕರೆಯುವ ಅಳತೆ, ಅಂದರೆ ಯಾವ ತಡೆಯೂ ಇಲ್ಲದ ಊರಿನಲ್ಲಿ ಒಬ್ಬ ಸೋಂಕಿತನಿಂದ ಸರಾಸರಿ ಎಷ್ಟು ಹೊಸ ಸೋಂಕು ಹುಟ್ಟುತ್ತದೆ ಎಂಬ ಅಂಕಿ, ಹೀಗೆ ಮಲೇರಿಯಾದ ಲೆಕ್ಕದಲ್ಲಿ ನೆಲೆಯಾಯಿತು. ಅದು 1ಕ್ಕಿಂತ ಹೆಚ್ಚಿದ್ದರೆ ರೋಗ ಬೆಳೆಯುತ್ತದೆ, ಕಡಿಮೆಯಿದ್ದರೆ ಆರಿಹೋಗುತ್ತದೆ.

ಈ ಸಂಖ್ಯೆಯ ಒಳರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಸಾಮಾನ್ಯ ಊಹೆಗೆ ಅದು ಒಗ್ಗುವುದಿಲ್ಲ. ಸೊಳ್ಳೆಗಳ ಸಂಖ್ಯೆ ಅರ್ಧವಾದರೆ ಹರಡುವಿಕೆಯೂ ಅರ್ಧವಾಗುತ್ತದೆ, ಇಷ್ಟು ಸರಳ. ಆದರೆ ಒಂದು ಸೊಳ್ಳೆ ಮನುಷ್ಯನನ್ನು ಕಚ್ಚುವ ಪ್ರಮಾಣ ಈ ಲೆಕ್ಕದಲ್ಲಿ ಎರಡು ಸಲ ಬರುತ್ತದೆ: ರೋಗಿಯಿಂದ ಸೋಂಕನ್ನು ಪಡೆಯಲು ಒಂದು ಕಡಿತ, ಬೇರೊಬ್ಬನಿಗೆ ದಾಟಿಸಲು ಇನ್ನೊಂದು ಕಡಿತ. ಹಾಗಾಗಿ ಕಚ್ಚುವ ಪ್ರಮಾಣ ಮೂರನೇ ಒಂದಕ್ಕೆ ಇಳಿದರೆ ಹರಡುವಿಕೆ ಒಂಬತ್ತನೇ ಒಂದಕ್ಕೆ ಇಳಿಯುತ್ತದೆ. ಇದಕ್ಕಿಂತಲೂ ತೀವ್ರವಾದದ್ದು ಸೊಳ್ಳೆಯ ಆಯುಸ್ಸಿನ ಪ್ರಭಾವ. ಸೊಳ್ಳೆಯ ದೇಹದೊಳಗೆ ಪರಾವಲಂಬಿ ಬಲಿತು ಜೊಲ್ಲುಗ್ರಂಥಿಗೆ ತಲುಪಲು ಸುಮಾರು 10 ದಿನ ಬೇಕು ಎನ್ನೋಣ. ಸೊಳ್ಳೆ ಒಂದೊಂದು ದಿನವನ್ನು ದಾಟಿ ಬದುಕುವ ಸಂಭವ ನೂರಕ್ಕೆ 90 ಇದ್ದರೆ, 10 ದಿನ ಬದುಕುವ ಸೊಳ್ಳೆಗಳು ನೂರಕ್ಕೆ 35. ದಿನದ ಸಂಭವ 80ಕ್ಕೆ ಇಳಿದರೆ, 10 ದಿನ ದಾಟುವವು ನೂರಕ್ಕೆ 11 ಮಾತ್ರ. ಹಾಗೆ ದಾಟಿದವು ಆಮೇಲೆ ಬದುಕುವ ದಿನಗಳೂ ಸರಾಸರಿ ಒಂಬತ್ತೂವರೆಯಿಂದ ನಾಲ್ಕೂವರೆಗೆ ಇಳಿಯುತ್ತವೆ. ಎರಡನ್ನೂ ಸೇರಿಸಿದರೆ ಹರಡುವಿಕೆ ಸುಮಾರು ಏಳರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ನೀರಿನಲ್ಲಿರುವ ಮರಿಗಳನ್ನು ಕೊಲ್ಲುವುದಕ್ಕಿಂತ, ರಕ್ತ ಹೀರಿ ಮನೆಯ ಗೋಡೆಯ ಮೇಲೆ ಕುಳಿತ ವಯಸ್ಕ ಸೊಳ್ಳೆಯನ್ನು ಕೊಲ್ಲುವ ಡಿಡಿಟಿ ಎಂಬ ಕೀಟನಾಶಕ ಏಕೆ ಅಷ್ಟು ಫಲ ಕೊಟ್ಟಿತು ಎಂಬುದಕ್ಕೆ ಮ್ಯಾಕ್‌ಡೊನಾಲ್ಡ್ ಕೊಟ್ಟ ವಿವರಣೆ ಇದೇ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಪ್ರಕರಣ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, 1961ರ ವೇಳೆಗೆ ದಾಖಲಾದ ಪ್ರಕರಣಗಳು ಸುಮಾರು 50 ಸಾವಿರಕ್ಕೆ ಇಳಿದವು. 1976ರಲ್ಲಿ ಅವು ಮತ್ತೆ 64 ಲಕ್ಷಕ್ಕೆ ಏರಿದ್ದು ಆ ಗೆಲುವಿನ ಇನ್ನೊಂದು ಮುಖ.

ಇದೇ ಸೂತ್ರವನ್ನು ನಮ್ಮ ಗುಡ್ಡಗಾಡಿಗೆ ತಂದರೆ ಮೊದಲು ಎದುರಾಗುವುದು ಸೊಳ್ಳೆಯ ಜಾತಿಯ ಪ್ರಶ್ನೆ. ಬಯಲುಸೀಮೆಯ ಹಳ್ಳಿಗಳಲ್ಲಿ ಅನಾಫಿಲಿಸ್ ಕ್ಯುಲಿಸಿಫೇಸಿಸ್, ಮಂಗಳೂರಿನಂಥ ನಗರಗಳ ತೊಟ್ಟಿ ಮತ್ತು ಬಾವಿಗಳಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ, ಪಶ್ಚಿಮಘಟ್ಟದ ತಪ್ಪಲಿನಲ್ಲಿ ಅನಾಫಿಲಿಸ್ ಫ್ಲೂವಿಯಾಟಿಲಿಸ್ ರೋಗವಾಹಕಗಳೆಂದು ಹೆಸರಾಗಿವೆ. ಫ್ಲೂವಿಯಾಟಿಲಿಸ್ ಕೊಚ್ಚೆಯಲ್ಲಿ ಮೊಟ್ಟೆಯಿಡುವುದಿಲ್ಲ. ಅಂಚಿನಲ್ಲಿ ಹುಲ್ಲು ಬೆಳೆದ, ಮೆಲ್ಲಗೆ ಹರಿಯುವ ತಿಳಿನೀರಿನ ಹಳ್ಳಗಳು ಅದಕ್ಕೆ ಇಷ್ಟ. ಹೊರನೋಟಕ್ಕೆ ಒಂದೇ ಆಗಿ ಕಾಣುವ ಈ ಸೊಳ್ಳೆಯಲ್ಲಿ ‘ಎಸ್’, ‘ಟಿ’, ‘ಯು’ ಎಂದು ಹೆಸರಿಸಲಾದ ಒಳಪ್ರಭೇದಗಳಿವೆ: ‘ಎಸ್’ ಮನುಷ್ಯರ ರಕ್ತವನ್ನು ಬಯಸಿದರೆ, ಉಳಿದೆರಡು ಬಹುಮಟ್ಟಿಗೆ ದನಗಳನ್ನು ಹುಡುಕುತ್ತವೆ. ಹತ್ತು ಕಡಿತಗಳಲ್ಲಿ ಒಂಬತ್ತು ಮನುಷ್ಯನಿಗೆ ಬೀಳುವ ಜಾಗದಲ್ಲಿ ಒಂದೇ ಬಿದ್ದರೆ, ಮೇಲಿನ ಎರಡು ಕಡಿತದ ಲೆಕ್ಕದ ಪ್ರಕಾರ ಹರಡುವಿಕೆ 81 ಪಟ್ಟು ತಗ್ಗುತ್ತದೆ. ಆದ್ದರಿಂದ ಕೊಟ್ಟಿಗೆಯ ಗೋಡೆಯ ಮೇಲೆ ಎಷ್ಟು ಸೊಳ್ಳೆ ಸಿಕ್ಕಿತು ಎಂಬ ಎಣಿಕೆಯನ್ನು ಹಾಗೆಯೇ ಮಾದರಿಗೆ ಉಣಿಸಿದರೆ, ಉತ್ತರ ತಪ್ಪುವುದು ಅಲ್ಪಸ್ವಲ್ಪವಲ್ಲ.

ಎರಡನೆಯದು ಉಷ್ಣಾಂಶ. ಸೊಳ್ಳೆಯೊಳಗೆ ಪರಾವಲಂಬಿ ಬಲಿಯುವ ಅವಧಿ ಸುತ್ತಲಿನ ಶಾಖವನ್ನು ಅವಲಂಬಿಸಿದೆ. ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರವೊಂದರ ಪ್ರಕಾರ, ಮಲೇರಿಯಾದ ಎರಡು ಮುಖ್ಯ ಪರಾವಲಂಬಿಗಳಲ್ಲಿ ಒಂದಾದ ವೈವಾಕ್ಸ್‌ಗೆ ಬೇಕಾದ ದಿನಗಳನ್ನು ಪಡೆಯಲು 105ನ್ನು, ಸರಾಸರಿ ಉಷ್ಣಾಂಶದಲ್ಲಿ 14.5 ಡಿಗ್ರಿ ಕಳೆದು ಉಳಿದದ್ದರಿಂದ ಭಾಗಿಸಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 10 ದಿನ, 20ರಲ್ಲಿ 19 ದಿನ, 18ರಲ್ಲಿ 30 ದಿನ. ಇನ್ನೊಂದಾದ ಫಾಲ್ಸಿಪಾರಂಗೆ 20 ಡಿಗ್ರಿಯಲ್ಲಿ ಸುಮಾರು 28 ದಿನವೇ ಬೇಕು. ದಿನಕ್ಕೆ ನೂರರಲ್ಲಿ 90 ಬದುಕುವ ಸೊಳ್ಳೆಗಳಲ್ಲಿ 10 ದಿನ ಕಾಯಬಲ್ಲವು 35 ಇದ್ದರೆ, 19 ದಿನ ಕಾಯಬಲ್ಲವು 13ರಿಂದ 14, 30 ದಿನ ಕಾಯಬಲ್ಲವು 4. ಬೆಟ್ಟದ ನೆತ್ತಿಗೂ ತಪ್ಪಲಿಗೂ ಕೆಲವೇ ಡಿಗ್ರಿಗಳ ವ್ಯತ್ಯಾಸವಿದ್ದರೂ ರೋಗದ ನಕ್ಷೆ ಬೇರೆಯಾಗುವುದು ಈ ಕಾರಣಕ್ಕೆ. ಆದರೆ ಯಾವ ಉಷ್ಣಾಂಶ? ಹವಾಮಾನ ಕೇಂದ್ರದ ತಾಪಮಾಪಕ ಬಯಲಿನಲ್ಲಿರುತ್ತದೆ, ಸೊಳ್ಳೆಯಾದರೋ ದನದ ಬಿಸುಪಿರುವ ಕೊಟ್ಟಿಗೆಯಲ್ಲೋ ಒಲೆ ಉರಿಯುವ ಮನೆಯ ಮೂಲೆಯಲ್ಲೋ ಕುಳಿತಿರುತ್ತದೆ. ಮಳೆಗಾಲದ ಮಲೆನಾಡಿನ ಮನೆಯೊಳಗೂ ಹೊರಗೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಈ ಪ್ರಶ್ನೆ ಕ್ಷುಲ್ಲಕವಲ್ಲವೆಂದು ಬೇರೆ ಹೇಳಬೇಕಿಲ್ಲ.

ಮಳೆಯ ಸಂಗತಿ ಇನ್ನೂ ತೊಡಕಿನದು. ಮಳೆ ಹೆಚ್ಚಿದರೆ ಸೊಳ್ಳೆ ಹೆಚ್ಚು, ಸೊಳ್ಳೆ ಹೆಚ್ಚಿದರೆ ಜ್ವರ ಹೆಚ್ಚು ಎಂಬ ನೇರ ಗೆರೆಯನ್ನು ಒಣಸೀಮೆಯ ಅಂಕಿಅಂಶಗಳು ಎಷ್ಟೋ ವೇಳೆ ಸಮರ್ಥಿಸುತ್ತವೆ. ಪಂಜಾಬಿನ 1908ರ ಭೀಕರ ಸಾಂಕ್ರಾಮಿಕವನ್ನು ವಿಶ್ಲೇಷಿಸಿದ ರಿಕರ್ಡ್ ಕ್ರಿಸ್ಟೋಫರ್ಸ್, ಮುಂಗಾರಿನ ಮಳೆಯ ಜೊತೆಗೆ ಧಾನ್ಯದ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. 1920ರ ದಶಕದಲ್ಲಿ ಗಿಲ್ ಎಂಬ ಅಧಿಕಾರಿ ಮಳೆ, ಮಕ್ಕಳ ಗುಲ್ಮ ದರ ಮತ್ತು ಬೆಲೆಗಳನ್ನು ಸೇರಿಸಿ ಪಂಜಾಬಿಗೆ ಶರತ್ಕಾಲದ ಮಲೇರಿಯಾ ಮುನ್ಸೂಚನೆಯನ್ನೇ ಹೊರಡಿಸುತ್ತಿದ್ದರು. ಗೋಧಿಯ ಬೆಲೆ ಸೊಳ್ಳೆಗೆ ಗೊತ್ತಾಗುವುದಿಲ್ಲ, ಆದರೆ ಹಸಿದ ದೇಹಕ್ಕೆ ಗೊತ್ತಾಗುತ್ತದೆ ಎಂಬ ಆ ಒಳನೋಟ ಇಂದಿನ ಎಷ್ಟೋ ಮಾದರಿಗಳಲ್ಲಿ ಕಾಣೆಯಾಗಿರುವುದು ನನ್ನ ಮಟ್ಟಿಗೆ ಒಂದು ಕೊರತೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಮಾತ್ರ ಪಂಜಾಬಿನ ಗೆರೆ ನಿಲ್ಲುವುದಿಲ್ಲ. ಆಷಾಢದ ಹಳ್ಳ ಉಕ್ಕಿ ಹರಿಯುವಾಗ ಸೊಳ್ಳೆಮರಿಗಳು ಕೊಚ್ಚಿಹೋಗುತ್ತವೆ. ಮಳೆ ಹಿಂದೆಗೆದು, ಹಳ್ಳದ ನೀರು ತಿಳಿಯಾಗಿ, ತೋಟದ ಬಸಿಗಾಲುವೆಯಲ್ಲಿ ಹರಿವು ಸಣ್ಣದಾದ ಮೇಲೆ ಅವುಗಳ ಕಾಲ ಬರುತ್ತದೆ. ಮಳೆಗೂ ಸೊಳ್ಳೆಗೂ ಇರುವ ಸಂಬಂಧ ಇಲ್ಲಿ ಏರುಗೆರೆಯಲ್ಲ, ಗುಡ್ಡದ ಆಕಾರದ್ದು: ಒಂದು ಮಟ್ಟದವರೆಗೆ ಏರಿ ಆಮೇಲೆ ಇಳಿಯುತ್ತದೆ. ಸಂಬಂಧವು ನೇರವಾಗಿದೆ ಎಂದು ಮೊದಲೇ ಕಟ್ಟುಹಾಕದೆ, ಅಂಕಿಅಂಶವೇ ವಕ್ರರೇಖೆಯ ಆಕಾರವನ್ನು ಹೇಳುವಂತೆ ಬಿಡುವ ಮಾದರಿಗಳು ಬೇಕಾಗುವುದು ಇಂಥಲ್ಲಿಯೇ.

ಇದರ ಜೊತೆಗೆ ಕಾಲದ ಅಂತರವೂ ಇದೆ. ಮೊಟ್ಟೆ ಸೊಳ್ಳೆಯಾಗಲು ಒಂದೂವರೆ ವಾರ, ಸೊಳ್ಳೆಯೊಳಗೆ ಪರಾವಲಂಬಿ ಬಲಿಯಲು ಒಂದೂವರೆಯಿಂದ ಎರಡು ವಾರ, ಮನುಷ್ಯನ ದೇಹದಲ್ಲಿ ಜ್ವರ ಕಾಣಿಸಿಕೊಳ್ಳಲು ಮತ್ತೆ ಅಷ್ಟೇ ಸಮಯ, ಜ್ವರ ಬಂದವರು ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು ಇನ್ನು ಕೆಲವು ದಿನ. ಹೀಗೆ ಈ ವಾರದ ನೀರಿನ ಸ್ಥಿತಿ ದಾಖಲೆಯಲ್ಲಿ ಜ್ವರವಾಗಿ ಕಾಣಿಸಿಕೊಳ್ಳುವುದು ನಾಲ್ಕರಿಂದ ಎಂಟು ವಾರಗಳ ಆಚೆ. ಅದಕ್ಕಾಗಿ ಮಾದರಿಯು ಕಳೆದ ಎಂಟೋ ಹತ್ತೋ ವಾರಗಳ ಮಳೆಗೆ ಬೇರೆ ಬೇರೆ ತೂಕ ಕೊಟ್ಟು ಕೂಡಿಸುತ್ತದೆ. ಈ ತಡವೇ ಮುನ್ಸೂಚನೆಗೆ ದಾರಿ ಮಾಡಿಕೊಡುವುದು. ಹಾಗೆ ಕೂಡಿಸುವ ಮಳೆಯ ಅಂಕಿ ಎಲ್ಲಿಯದು ಎಂಬುದನ್ನೂ ನೋಡಿಕೊಳ್ಳಬೇಕು. ಭಾರತೀಯ ಹವಾಮಾನ ಇಲಾಖೆಯ ಚೌಕಜಾಲದ ಮಳೆ ದತ್ತಾಂಶದಲ್ಲಿ ಒಂದೊಂದು ಚೌಕ ಕಾಲು ಡಿಗ್ರಿಯದು, ಅಂದರೆ ಒಂದು ಬದಿ ಸುಮಾರು 27 ಕಿಲೋಮೀಟರ್. ಘಟ್ಟದ ಅಂಚಿನಿಂದ ಪೂರ್ವಕ್ಕೆ ಅಷ್ಟು ದೂರ ಬಂದರೆ ನಮ್ಮಲ್ಲಿ ಮಳೆಯ ಪ್ರಮಾಣವೇ ಬೇರೆಯಾಗುತ್ತದೆ. ಚೌಕದ ಸರಾಸರಿ ಎರಡು ತುದಿಗಳಲ್ಲಿ ಯಾವುದಕ್ಕೂ ನಿಜವಲ್ಲ.

ಇನ್ನು ಸಣ್ಣ ಸಂಖ್ಯೆಗಳ ಸಮಸ್ಯೆ. ಒಂದು ಕಾಲದಲ್ಲಿ ಮಲೆನಾಡಿನ ಹಳ್ಳಿಗಳನ್ನು ಬರಿದುಮಾಡಿದ್ದ ಚಳಿಜ್ವರ ಈಗ ಇಲ್ಲಿ ವಿರಳ. ಜ್ವರವೆಂದರೆ ಜನ ಮೊದಲು ಹೆದರುವುದು ಡೆಂಗಿಗೆ, ಇಲ್ಲವೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಗೆ. ರೋಗ ವಿರಳವಾದಷ್ಟೂ ಲೆಕ್ಕ ಕಠಿಣವಾಗುತ್ತದೆ. ವರ್ಷಕ್ಕೆ ತಲಾ ಸರಾಸರಿ 2 ಪ್ರಕರಣ ಬರುವಂಥ, ಒಂದಕ್ಕೊಂದು ಏನೇನೂ ವ್ಯತ್ಯಾಸವಿಲ್ಲದ ನೂರು ಹಳ್ಳಿಗಳಿವೆ ಎಂದು ಊಹಿಸಿಕೊಳ್ಳಿ. ವಿರಳ ಘಟನೆಗಳು ಬರಿಯ ಆಕಸ್ಮಿಕದಿಂದ ಹೇಗೆ ಚದುರುತ್ತವೆ ಎಂದು ಹೇಳುವ ಪಾಯ್ಸಾನ್ ಸಂಭವನೀಯತೆಯ ಲೆಕ್ಕದಂತೆ, ಒಂದು ವರ್ಷದಲ್ಲಿ ಸುಮಾರು 13 ಹಳ್ಳಿಗಳಲ್ಲಿ ಒಂದೂ ಪ್ರಕರಣ ಇರುವುದಿಲ್ಲ, ಸುಮಾರು 5 ಹಳ್ಳಿಗಳಲ್ಲಿ ಐದು ಅಥವಾ ಹೆಚ್ಚು ಇರುತ್ತವೆ. ಶೂನ್ಯ ಬಂದ ಊರಿನ ಸಿಬ್ಬಂದಿಗೆ ಶಹಬ್ಬಾಸ್, ಐದು ಬಂದ ಊರಿನವರಿಗೆ ನೋಟಿಸ್! ಎರಡೂ ಬರಿಯ ಅದೃಷ್ಟದ ಆಟ. ನಿಜಸ್ಥಿತಿಯಲ್ಲಿ ಪ್ರಕರಣಗಳ ಚದುರುವಿಕೆ ಪಾಯ್ಸಾನ್ ಹೇಳುವುದಕ್ಕಿಂತಲೂ ಹೆಚ್ಚು, ಏಕೆಂದರೆ ಸೊಳ್ಳೆಗಳು ಎಲ್ಲರನ್ನೂ ಸಮನಾಗಿ ಕಚ್ಚುವುದಿಲ್ಲ. ಹಳ್ಳದ ಬದಿಯ ನಾಲ್ಕು ಮನೆಗಳಿಗೆ ಬೀಳುವ ಕಡಿತ ಊರಿನ ಉಳಿದ ಮನೆಗಳಿಗೆ ಬೀಳುವುದಿಲ್ಲ.

ಸರ್ಕಾರಿ ಕಾರ್ಯಕ್ರಮದಲ್ಲಿ ಬಳಸುವ ಮುಖ್ಯ ಸೂಚ್ಯಂಕವೆಂದರೆ ವರ್ಷಕ್ಕೆ ಸಾವಿರ ಜನರಿಗೆ ಎಷ್ಟು ಪ್ರಕರಣ ಎಂಬುದು. 200 ಜನರ ಹಳ್ಳಿಯಲ್ಲಿ ಒಂದೇ ಪ್ರಕರಣ ಬಂದರೂ ಅದು 5 ಆಗುತ್ತದೆ. 5,000 ಜನರ ಊರಿನಲ್ಲಿ ಐದು ಪ್ರಕರಣ ಬಂದರೆ 1. ಔಷಧ ಸಿಂಪಡಿಸುವ ತಂಡವನ್ನು ಎಲ್ಲಿಗೆ ಕಳಿಸಬೇಕು? ಬೇಯ್ಸ್ ವಿಧಾನವು ಪ್ರತಿ ಊರಿನ ಅಂಕಿಯನ್ನು ಸುತ್ತಲಿನ ಪ್ರದೇಶದ ಅನುಭವದೊಡನೆ ಬೆರೆಸುತ್ತದೆ. ಉದಾಹರಣೆಗೆಂದು, ಆ ಪ್ರದೇಶದ ಸಾಮಾನ್ಯ ದರ ಸಾವಿರಕ್ಕೆ 0.5 ಎಂದೂ, ಆ ನಂಬಿಕೆಗೆ 4,000 ಜನರಲ್ಲಿ 2 ಪ್ರಕರಣ ಕಂಡಷ್ಟು ತೂಕವೆಂದೂ ಇಟ್ಟುಕೊಳ್ಳೋಣ. ಆಗ ಸಣ್ಣ ಹಳ್ಳಿಯ ದರ 4,200ಕ್ಕೆ 3, ಅಂದರೆ ಸಾವಿರಕ್ಕೆ 0.71, ದೊಡ್ಡ ಊರಿನ ದರ 9,000ಕ್ಕೆ 7, ಅಂದರೆ 0.78. ಐದು ಪಟ್ಟು ಕೆಟ್ಟದಾಗಿ ಕಂಡ ಹಳ್ಳಿ ಹಿಂದಕ್ಕೆ ಸರಿದು, ಊರು ಮುಂದೆ ಬಂತು. ಸಣ್ಣ ಹಳ್ಳಿಯ ಮಾತನ್ನು ಇಲ್ಲಿ ಅಲ್ಲಗಳೆದಿಲ್ಲ, ಅದು ಕೊಟ್ಟ ಸಾಕ್ಷ್ಯ ಎಷ್ಟು ತೂಗುತ್ತದೋ ಅಷ್ಟೇ ಬೆಲೆ ಕೊಟ್ಟಿದೆ.

‘ಸುತ್ತಲಿನ ಪ್ರದೇಶ’ ಎಂದರೆ ಯಾವುದು ಎಂಬುದೂ ಸುಲಭದ ಪ್ರಶ್ನೆಯಲ್ಲ. ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಕ್ರೀಗ್, ಕೊರೆದು ನೋಡಿದ ಕೆಲವೇ ಜಾಗಗಳಿಂದ ನಡುವಿನ ನೆಲದಲ್ಲಿ ಎಷ್ಟು ಚಿನ್ನವಿದೆ ಎಂದು ಅಂದಾಜಿಸಲು ಕಂಡುಕೊಂಡ ಉಪಾಯದಿಂದ ಬೆಳೆದ ವಿಧಾನವೇ ಇಂದು ಮಲೇರಿಯಾ ನಕ್ಷೆಗಳಿಗೂ ಆಧಾರ: ಹತ್ತಿರದ ಜಾಗಗಳು ಹೆಚ್ಚು ಹೋಲುತ್ತವೆ, ದೂರದವು ಕಡಿಮೆ. ಆದರೆ ಶರಾವತಿ ಹಿನ್ನೀರಿನ ಎರಡು ದಡಗಳ ನಡುವಿನ ದೂರ ಎಷ್ಟು? ಸೊಳ್ಳೆಗೆ ಒಂದೆರಡು ಕಿಲೋಮೀಟರ್ ಅಗಲದ ಬರಿನೀರು ದೊಡ್ಡ ಅಡ್ಡಿ. ಮನುಷ್ಯರಿಗೆ ಲಾಂಚ್ ಕಾಯುವ ಕಾಲದಲ್ಲಿ ಅದು ಅರ್ಧ ದಿನದ ದೂರವೂ ಆಗುತ್ತಿತ್ತು. 2025ರಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಮನುಷ್ಯರ ಲೆಕ್ಕದ ದೂರ ಕೆಲವೇ ನಿಮಿಷಗಳಿಗೆ ಇಳಿದಿದೆ, ಸೊಳ್ಳೆಯ ಲೆಕ್ಕದ ದೂರ ಇದ್ದಂತೆಯೇ ಇದೆ. ಮಾದರಿಯಲ್ಲಿ ಯಾವ ದೂರವನ್ನು ಹಾಕಬೇಕೆಂಬುದು, ಆ ಊರಿಗೆ ಸೋಂಕನ್ನು ತರುವುದು ಸೊಳ್ಳೆಯ ಹಾರಾಟವೋ ಮನುಷ್ಯರ ಓಡಾಟವೋ ಎಂಬುದನ್ನು ಅವಲಂಬಿಸಿದೆ.

ದಾಖಲೆಯ ಶೂನ್ಯವನ್ನೂ ಸುಮ್ಮನೆ ನಂಬುವಂತಿಲ್ಲ. ಪರೀಕ್ಷೆಯನ್ನೇ ಮಾಡದಿದ್ದರೂ ಶೂನ್ಯ, ಮಾಡಿ ಏನೂ ಸಿಗದಿದ್ದರೂ ಶೂನ್ಯ. ಇಲ್ಲಿ ಕೈಯಲ್ಲೇ ಮಾಡಬಹುದಾದ ಒಂದು ಲೆಕ್ಕವಿದೆ: ಪರೀಕ್ಷಿಸಿದ ಯಾರ ರಕ್ತದಲ್ಲೂ ಸೋಂಕು ಸಿಗದಿದ್ದರೆ, 3ನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಿ, ನಿಜವಾದ ಸೋಂಕಿನ ಪ್ರಮಾಣ ನೂರಕ್ಕೆ 95ರಷ್ಟು ಭರವಸೆಯಿಂದ ಅದಕ್ಕಿಂತ ಕಡಿಮೆ ಎನ್ನಬಹುದು. 30 ಜನರನ್ನು ಪರೀಕ್ಷಿಸಿ ಶೂನ್ಯ ಬಂದಿದ್ದರೆ ಸೋಂಕು ನೂರಕ್ಕೆ 10ರವರೆಗೂ ಇರಬಹುದು. 300 ಜನರಲ್ಲಿ ಶೂನ್ಯವೆಂದರೆ ನೂರಕ್ಕೆ 1ರವರೆಗೆ. ವರ್ಷಕ್ಕೆ ಜನಸಂಖ್ಯೆಯ ನೂರಕ್ಕೆ 10ರಷ್ಟು ಮಂದಿಯ ರಕ್ತ ಪರೀಕ್ಷೆ ಆಗಬೇಕೆಂಬ ಗುರಿಯನ್ನು ಇಟ್ಟುಕೊಂಡಿರುವುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ, ಮತ್ತು ಜ್ವರವೇ ಇಲ್ಲದವರ ಬೆರಳು ಚುಚ್ಚಿ ಆ ಗುರಿಯನ್ನು ತುಂಬಿಸಿದರೆ ಅದು ಏಕೆ ನಿರರ್ಥಕವೆಂಬುದೂ.

ಭಾರತವು 2030ರೊಳಗೆ ಮಲೇರಿಯಾ ನಿರ್ಮೂಲನದ ಗುರಿಯನ್ನು ಹೊಂದಿದೆ. ಸ್ಥಳೀಯವಾಗಿ ಹರಡಿದ ಪ್ರಕರಣ ಸತತ ಮೂರು ವರ್ಷ ಒಂದೂ ಇಲ್ಲದಿದ್ದರೆ ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಒಂದು ದೇಶಕ್ಕೆ ಪ್ರಮಾಣಪತ್ರ ಕೊಡುತ್ತದೆ. ಹೀಗಾಗಿ ಇಂಥ ವಿರಳ ಪ್ರದೇಶಗಳಲ್ಲಿ ಎಷ್ಟು ಪ್ರಕರಣ ಎಂಬುದಕ್ಕಿಂತ, ಎಲ್ಲಿ ತಗುಲಿದ ಸೋಂಕು ಎಂಬ ಪ್ರಶ್ನೆ ದೊಡ್ಡದಾಗುತ್ತದೆ. ಕಾಫಿ ತೋಟದ ಕೆಲಸಕ್ಕೋ ಕಟ್ಟಡದ ಕೆಲಸಕ್ಕೋ ಹೊರರಾಜ್ಯಗಳಿಂದ ಬಂದವರು, ಕರಾವಳಿಯಲ್ಲಿ ದುಡಿದು ಊರಿಗೆ ಮರಳಿದವರು ಸೋಂಕನ್ನು ಜೊತೆಗೆ ತಂದಿರಬಹುದು. ಇದರಲ್ಲೇ ಒಂದು ಸೊಗಸಾದ ಲೆಕ್ಕ ಅಡಗಿದೆ. ಹೊರಗಿನಿಂದ ಬಂದ ಒಂದೊಂದು ಸೋಂಕು ಇಲ್ಲಿ ಸರಾಸರಿ ಅರ್ಧ ಸೋಂಕನ್ನು ಹುಟ್ಟಿಸಿದರೆ, ಆ ಅರ್ಧ ಮತ್ತೆ ಕಾಲನ್ನು, ಕಾಲು ಅರೆಕಾಲನ್ನು ಹುಟ್ಟಿಸಿ, ಎಲ್ಲ ಕೂಡಿದರೆ ಒಟ್ಟು 2 ಆಗುತ್ತದೆ. ಅದರಲ್ಲಿ ಒಂದು ಹೊರಗಿನದು, ಒಂದು ಸ್ಥಳೀಯ. ತಿರುಗಿಸಿ ಹೇಳುವುದಾದರೆ, ಒಟ್ಟು ಪ್ರಕರಣಗಳಲ್ಲಿ ಸ್ಥಳೀಯ ಪ್ರಕರಣಗಳ ಪಾಲು ಎಷ್ಟೋ, ನಿಯಂತ್ರಣ ಕ್ರಮಗಳು ಜಾರಿಯಲ್ಲಿರುವಾಗಿನ ಪುನರುತ್ಪತ್ತಿ ಸಂಖ್ಯೆಯೂ ಅಷ್ಟೇ. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ 12 ಪ್ರಕರಣ ಬಂದು, 9 ಹೊರಗಿನವೆಂದು ಗೊತ್ತಾದರೆ ಆ ಸಂಖ್ಯೆ 0.25. ಅಂಕಿ ಸಣ್ಣದಾದ್ದರಿಂದ ಅನಿಶ್ಚಿತತೆಯೂ ದೊಡ್ಡದು: ನೂರಕ್ಕೆ 95ರ ಭರವಸೆಯ ಎಲ್ಲೆ 0.05ರಿಂದ 0.57ರವರೆಗೆ ಚಾಚುತ್ತದೆ. ಆದರೂ ಮೇಲಿನ ತುದಿ 1ನ್ನು ಮುಟ್ಟುತ್ತಿಲ್ಲ ಎಂಬುದು ಕೇವಲ ಹನ್ನೆರಡು ರೋಗಿಗಳ ಚೀಟಿಗಳಿಂದ ಸಿಕ್ಕ, ಸಾಕಷ್ಟು ಬೆಲೆಯುಳ್ಳ ಮಾಹಿತಿ.

ವೈವಾಕ್ಸ್ ಮಲೇರಿಯಾ ಈ ಅಂದವಾದ ಲೆಕ್ಕವನ್ನು ಕೆಡಿಸುತ್ತದೆ. ಅದರ ಪರಾವಲಂಬಿ ಯಕೃತ್ತಿನಲ್ಲಿ ನಿದ್ರಾವಸ್ಥೆಯಲ್ಲಿ ಅಡಗಿದ್ದು, ವಾರಗಳ ಅಥವಾ ತಿಂಗಳುಗಳ ನಂತರ, ಯಾವ ಸೊಳ್ಳೆಯೂ ಹೊಸದಾಗಿ ಕಚ್ಚದೆಯೇ, ಜ್ವರವಾಗಿ ಮರಳಬಲ್ಲದು. ಕಳೆದ ವರ್ಷ ಬೇರೆಲ್ಲೋ ತಗುಲಿದ ಸೋಂಕು ಈ ವರ್ಷ ತೀರ್ಥಹಳ್ಳಿಯಲ್ಲಿ ಎದ್ದರೆ, ಇತ್ತೀಚೆಗೆ ಎಲ್ಲಿಗೂ ಹೋಗಿಲ್ಲ ಎಂಬ ಉತ್ತರದ ಮೇಲೆ ಅದು ‘ಸ್ಥಳೀಯ’ ಎಂದು ದಾಖಲಾಗುತ್ತದೆ. ಮೇಲಿನ ಮೂರು ಸ್ಥಳೀಯ ಪ್ರಕರಣಗಳಲ್ಲಿ ಎರಡು ಹೀಗೆ ಮರುಕಳಿಸಿದವು ಎಂದಾದರೆ, ಹೊಸ ಸೋಂಕುಗಳು ಹತ್ತೇ, ಅದರಲ್ಲಿ ಸ್ಥಳೀಯವಾದದ್ದು ಒಂದೇ, ಪುನರುತ್ಪತ್ತಿ ಸಂಖ್ಯೆ 0.25ರಿಂದ 0.10ಕ್ಕೆ ಇಳಿಯುತ್ತದೆ. ಇದನ್ನು ಬೇರ್ಪಡಿಸಲು ಯಾವ ಗಣಿತಕ್ಕೂ ತಾನಾಗಿ ಸಾಧ್ಯವಿಲ್ಲ. ಬೇಕಾದದ್ದು ರೋಗಿಯ ಚೀಟಿಯಲ್ಲಿ ಎರಡು ಸಾಲು: ಹಿಂದೆ ಚಳಿಜ್ವರ ಬಂದಿತ್ತೇ, ಬಂದಿದ್ದರೆ ಯಕೃತ್ತಿನ ಪರಾವಲಂಬಿಯನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನವೂ ನುಂಗಿದ್ದರೇ ಅಥವಾ ಜ್ವರ ಬಿಟ್ಟ ಮೂರನೆಯ ದಿನವೇ ನಿಲ್ಲಿಸಿದ್ದರೇ.